ಅಳತೆಗೆರೆಯ ಹಾಳೆ

ಹೆರಿಗೆಯಾದ ತಾಯಿಗೆ ಎಷ್ಟು ರಕ್ತ ಹೋಯಿತು? ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ. ಬಟ್ಟೆ ಹೀರಿದ್ದು, ನೆಲಕ್ಕೆ ಹರಿದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ರಕ್ತ ಅಳೆಯಲು ಬಳಸಿದ್ದು ಒಂದು ಸರಳ ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸಿದರೆ, ರಕ್ತ ಜಾರಿ ತುದಿಯಲ್ಲಿರುವ ಆಲಿಕೆಯಂಥ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. 500 ಮಿ.ಲೀ. ಮುಟ್ಟಿತೆಂದರೆ ಅಪಾಯ.

ಹಾಳೆ ಹಾಸಿ, ಗುಳಿಗೆ ನುಂಗಿಸಿ, ಎಲ್ಲವನ್ನೂ ಬರೆದಿಟ್ಟವರು ನಾವು ಸಿಸ್ಟರ್ ಎಂದು ಕರೆಯುವ ಎಎನ್‌ಎಂಗಳು (ಸಹಾಯಕ ನರ್ಸ್-ಸೂಲಗಿತ್ತಿಯರು). ಕೊಡುತ್ತಿರುವುದು ರಕ್ತಸ್ರಾವ ತಡೆಯುವ ಮದ್ದಾದ ಮಿಸೊಪ್ರೊಸ್ಟಾಲೋ, ಮದ್ದಿಲ್ಲದ ಹುಸಿಗುಳಿಗೆಯೋ ಅವರಿಗೂ ತಿಳಿದಿರಲಿಲ್ಲ. 1,620 ತಾಯಂದಿರು! ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಪಾಲ್ಗೊಂಡ ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹುಸಿಗುಳಿಗೆ ಪಡೆದವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವ. ಮದ್ದು ಪಡೆದವರಲ್ಲಿ ಶೇ 6.4.

ಪುರಾವೆ ಆಧಾರಿತ ಶುಶ್ರೂಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಪುರಾವೆ ಕಲೆಹಾಕಿದ್ದೂ ಆ ನರ್ಸ್‌ಗಳ ಕೈಗಳೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ತೆಲಂಗಾಣದ ಜಹೀರಾಬಾದ್ ಪಕ್ಕದ ಮೊಗುಡಂಪಲ್ಲಿಯಂಥ ಗಡಿ ಊರುಗಳ ಹೆರಿಗೆ ಕೋಣೆಗಳಲ್ಲೂ ಆ ಗೆರೆಯ ಹಾಳೆ ಯಾವಾಗಲೂ ಕೈಗೆಟುಕುವಂತಿರಲಿ.