ದಿನಕ್ಕೆ ಎರಡೇ ದಯೆ: ‘ಪೇಪರ್ಸ್, ಪ್ಲೀಸ್’ ಆಟ ಮತ್ತು ಗಡಿನಾಡಿನ ಹದಿಹರೆಯದವರು

ಗಡಿನಾಡ ಸಾಹಿತ್ಯದ ಗೋಷ್ಠಿಯಲ್ಲಿ ವಿಡಿಯೊ ಗೇಮ್ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಲೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ನಡೆಯುವುದೇ ಒಂದು ಗಡಿ ಠಾಣೆಯಲ್ಲಿ. ಇದನ್ನು ಹೈಸ್ಕೂಲು, ಪ್ಲಸ್ ಟು ಮಕ್ಕಳ ಕೈಗೆ ಕೊಡಬಹುದೇ? ಕಾಸರಗೋಡಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತಿದ್ದೇನೆ.

1982ರ ನವೆಂಬರ್. ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ ಯುದ್ಧ ಮುಗಿಸಿ ಗಡಿ ತೆರೆದಿದೆ. ಲಾಟರಿಯಲ್ಲಿ ತಪಾಸಣೆಯ ಕೆಲಸ ಸಿಕ್ಕವರು ನೀವು. ಪಾಸ್‌ಪೋರ್ಟ್ ನೋಡಬೇಕು, ಪರ್ಮಿಟ್ ತಾಳೆ ನೋಡಬೇಕು, ಸೀಲು ಒತ್ತಬೇಕು. ಸರಿಯಾಗಿ ನೋಡಿ ಮುಗಿಸಿದ ತಲೆಯೊಂದಕ್ಕೆ ಇಷ್ಟು ಅಂತ ಸಂಬಳ. ಸಂಜೆ ಆ ಹಣದಲ್ಲೇ ಬಾಡಿಗೆ, ಊಟ, ಚಳಿಗೆ ಬಿಸಿ, ಮನೆಯವರ ಮದ್ದು.

ಹಿರಿಯರ ಕಣ್ಣು ಮೊದಲು ಹೋಗುವುದು ಸ್ಕ್ಯಾನರಿನ ಬೆತ್ತಲೆ ಚಿತ್ರಗಳ ಕಡೆಗೆ. ಅದನ್ನು ಸೆಟ್ಟಿಂಗ್‌ನಲ್ಲೇ ಮುಚ್ಚಬಹುದು, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಬಾಂಬು, ಗುಂಡು ಎಲ್ಲ ದೂರದಲ್ಲಿ ಪುಟ್ಟ ಗೊಂಬೆಗಳ ಗಲಾಟೆಯ ಹಾಗೆ ಕಾಣುತ್ತದೆ. ಹೆಣ್ಣುಮಕ್ಕಳನ್ನು ಮೋಸದಿಂದ ಸಾಗಿಸುವ ಒಂದು ಎಳೆ ಇದೆ. ಅದಕ್ಕಾಗಿ ಏಳನೇ ಕ್ಲಾಸಿನವರಿಗೆ ಬೇಡ ಅನ್ನುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಒಬ್ಬ ಗಂಡ ಬರುತ್ತಾನೆ, ಕಾಗದ ಸರಿ ಇದೆ. ಹಿಂದೆಯೇ ಹೆಂಡತಿ, ಅವಳ ಹತ್ತಿರ ಪರ್ಮಿಟ್ ಇಲ್ಲ. ವಾಪಸ್ ಕಳಿಸಿದರೆ ಕೊಲ್ಲುತ್ತಾರೆ ಅಂತಾಳೆ. ಒಳಗೆ ಬಿಟ್ಟರೆ ಕೂಡಲೇ ಮಷೀನಿನಿಂದ ತಪ್ಪಿನ ಚೀಟಿ ಬರುತ್ತದೆ. ಆದರೆ ದಿನದ ಮೊದಲೆರಡು ತಪ್ಪಿಗೆ ದಂಡವಿಲ್ಲ, ಎಚ್ಚರಿಕೆ ಅಷ್ಟೆ. ಹಾಗಾಗಿ ಆಟಗಾರ ಲೆಕ್ಕ ಹಾಕತೊಡಗುತ್ತಾನೆ: ಇವತ್ತಿನ ಎರಡು ದಯೆ ಯಾರಿಗೆ? ಮೂರನೆಯವನ ಕಷ್ಟ ಕೇಳುವಾಗ ಮನೆಯ ಮಗನ ಜ್ವರ ನೆನಪಾಗುತ್ತದೆ. ಕೆಟ್ಟವನಾಗದೆಯೇ ಕೈ ‘ನಿರಾಕರಿಸಲಾಗಿದೆ’ ಸೀಲಿನತ್ತ ಹೋಗುತ್ತದೆ.

1956ರಲ್ಲಿ ಕೇರಳಕ್ಕೆ ಸೇರಿದ ಮೇಲಿನ ಕಾಸರಗೋಡಿನ ಬರಹ, ಕಯ್ಯಾರರಿಂದ ಹಿಡಿದು, ಗೆರೆಯಿಂದ ಕತ್ತರಿಸಿಹೋದವರ ಪರವಾಗಿ ಮಾತಾಡುತ್ತದೆ. ಅದು ಬೇಕಾದದ್ದೇ. ಗೆರೆಯ ಮೇಲೆ ಕೂತ ಸಣ್ಣ ಸಂಬಳದವನು ಮಾತ್ರ, ನಾನು ಓದಿದಷ್ಟರಲ್ಲಿ, ಅಲ್ಲಿ ಸಿಕ್ಕಿದ್ದು ಕಡಿಮೆ. 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಸತ್ತವರಿದ್ದಾರೆ. ತಡೆದವರು ಕನ್ನಡವನ್ನೇ ಆಡುವವರು. ಆಗ ಪ್ರೈಮರಿಯಲ್ಲಿದ್ದ ಮಕ್ಕಳು ಈಗ ಹದಿಹರೆಯಕ್ಕೆ ಬಂದಿದ್ದಾರೆ. ಅವರಿಗೆ ಈ ಆಟದ ಕುರ್ಚಿ ಹೊಸದು, ಗಡಿ ಹೊಸದಲ್ಲ.

ಆಟದ ಮೇಲೆ ತಕರಾರೂ ಇದೆ. ವಾಪಸ್ ಹೋದವರಲ್ಲಿ ಹೆಚ್ಚಿನವರು ಏನಾದರು ಅಂತ ಅದು ತೋರಿಸುವುದಿಲ್ಲ. ಹದಿನೈದರ ಹುಡುಗ ಅವರನ್ನು ಮರೆತು ಬರೀ ವೇಗದ ಮೋಜಿಗೆ ಬೀಳಬಹುದು. ಕನ್ನಡದಲ್ಲಿ ಆಟ ಇಲ್ಲ ಅನ್ನುವುದು ಇನ್ನೊಂದು ತೊಡಕು. ಇಂಗ್ಲಿಷ್ ನಿಧಾನ ಓದುವ ಕನ್ನಡ ಮಾಧ್ಯಮದ ಮಗುವಿಗೆ ಸಂಬಳ ಕಡಿಮೆಯಾಗುವುದು ದಯೆಯಿಂದಲ್ಲ, ಓದಿನಿಂದ. ಅದು ಅನ್ಯಾಯ. ಅದಕ್ಕೇ ಇಬ್ಬರು ಒಟ್ಟಿಗೆ ಕೂತು ಆಡಲಿ, ಒಬ್ಬರು ಕಾಗದ ಓದಲಿ, ಇನ್ನೊಬ್ಬರು ಸೀಲು ಒತ್ತಲಿ. ಆ ಹೆಂಡತಿ ಕಿಟಕಿಗೆ ಬಂದಾಗ ಸೀಲಿಗೆ ಮೊದಲು ಜಗಳ ಆಗಲೇಬೇಕಲ್ಲ. ಒಂಬತ್ತನೇ ಕ್ಲಾಸಿನಿಂದ ಮೇಲೆ, ಆಟದ ಮೊದಲ ವಾರದಷ್ಟು ಸಾಕು.