ಅಡುಗೆಗೆ ಮೊದಲು ಕಟ್ಟಿಗೆ

ಬಾರ್ಬೆಕ್ಯೂ ಹೋಟೆಲ್ ತೆರೆಯಲು ಹೊರಟವರು ಮೊದಲು ಹುಡುಕುವುದು ಮಸಾಲೆಯ ಗುಟ್ಟನ್ನು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಹೋಟೆಲಿಗ ಆರನ್ ಫ್ರಾಂಕ್ಲಿನ್, ಜೋರ್ಡನ್ ಮೆಕೇ ಜೊತೆಗೂಡಿ 2015ರಲ್ಲಿ ಹೊರತಂದ ‘ಫ್ರಾಂಕ್ಲಿನ್ ಬಾರ್ಬೆಕ್ಯೂ’ ಅಂಥವರನ್ನು ನಿರಾಶೆಗೊಳಿಸುವ ಪುಸ್ತಕ. ಒಲೆ, ಕಟ್ಟಿಗೆ, ಬೆಂಕಿ, ಮಾಂಸ ಎಂದು ಒಂದೊಂದು ಅಧ್ಯಾಯ ದಾಟಿದ ಮೇಲೆ, ಆರನೆಯದರಲ್ಲಿ ಅಡುಗೆ. ಮಸಾಲೆಯೋ? ದನದ ಎದೆಭಾಗದ ಮಾಂಸವಾದ ಬ್ರಿಸ್ಕೆಟ್‌ಗೆ ಉಪ್ಪು ಮತ್ತು ಕಾಳುಮೆಣಸು, ಅಷ್ಟೆ.

ಈ ಅನುಕ್ರಮವೇ ಪುಸ್ತಕದ ನಿಜವಾದ ಪಾಠವೆಂದು ನಮಗನಿಸುತ್ತದೆ. ಅಲ್ಲಿಯ ಬಾರ್ಬೆಕ್ಯೂ ಕೆಂಡದ ಮೇಲೆ ಸುಡುವುದಲ್ಲ. ಒಂದು ಬದಿಯಲ್ಲಿ ಕಟ್ಟಿಗೆ ಉರಿಸಿ, ಅದರ ಹೊಗೆ ಮತ್ತು ಶಾಖದಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸುವುದು. ಪೋಸ್ಟ್ ಓಕ್ ಮರದ ಕಟ್ಟಿಗೆ ಹಸಿಯಿದ್ದರೆ ಹೊಗೆ ಕಹಿ, ಅತಿಯಾಗಿ ಒಣಗಿದರೆ ಬೇಗ ಉರಿದು ಮುಗಿಯುತ್ತದೆ. ನಮ್ಮ ಕರಾವಳಿಯವರು ಗಲ್ಫ್‌ನಿಂದ ತಂದ ಅಲ್ ಫಹಮ್ ಕೋಳಿಯ ಹೆಸರಿನಲ್ಲೇ ಇದ್ದಿಲಿದೆ. ಅರಬಿಯಲ್ಲಿ ಫಹಮ್ ಎಂದರೆ ಇದ್ದಿಲು. ಆದರೆ ಆ ಇದ್ದಿಲು ಯಾವ ಮರದ್ದು, ತೇವವೆಷ್ಟು ಎಂದು ವಿಚಾರಿಸುವ ಮಾಲಕರು ಎಷ್ಟು ಮಂದಿ?

ಮಾಂಸದ ವಿಷಯದಲ್ಲೂ ಹಾಗೆಯೇ. ಫ್ರಾಂಕ್ಲಿನ್ ಮಾಂಸದ ದರ್ಜೆಯನ್ನಷ್ಟೇ ಅಲ್ಲ, ದನ ಹೇಗೆ ಬೆಳೆಯಿತು, ಏನು ತಿಂದಿತು ಎಂಬುದನ್ನೂ ಗಮನಿಸುತ್ತಾರೆ. ಹಲಾಲ್ ಎಂಬುದರ ಜೊತೆಗೆ ಶುದ್ಧ, ಉತ್ತಮ ಎಂಬರ್ಥದ ತಯ್ಯಿಬ್ ಪದವನ್ನೂ ಕುರ್‌ಆನ್ ಬಳಸಿದೆ. ನಮ್ಮ ಹೋಟೆಲುಗಳು ಮೊದಲನೆಯದರ ಫಲಕ ತೂಗುಹಾಕಿ ಎರಡನೆಯದನ್ನು ಮರೆಯುತ್ತವೆ.

ಪುಸ್ತಕ ಸೊರಗುವುದು ಲೆಕ್ಕದಲ್ಲಿ. ಕೊಬ್ಬು ಕತ್ತರಿಸಿ ಬೇಯಿಸುವಷ್ಟರಲ್ಲಿ ಬ್ರಿಸ್ಕೆಟ್‌ನ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 6 ಕಿಲೋ ಕೊಂಡರೆ ತಟ್ಟೆಗೆ ಬರುವುದು 3 ಕಿಲೋ. ಅಂದರೆ ಕಟ್ಟಿಗೆ, ಸಂಬಳ, ಬಾಡಿಗೆ ಸೇರುವ ಮೊದಲೇ ಖರೀದಿ ದರ ಇಮ್ಮಡಿ. ಕೋಳಿ ಮುಗಿದರೆ ಇನ್ನೊಂದು ಸುಡಬಹುದು. ಇಲ್ಲಿ ನಾಳೆಯ ಗಿರಾಕಿಯನ್ನು ಇಂದೇ ಎಣಿಸಿ ಒಲೆ ಹೊತ್ತಿಸಬೇಕು. ಮಧ್ಯಾಹ್ನ ಮಾಂಸ ತೀರಿದರೆ ಅಂಗಡಿ ಮುಚ್ಚಬೇಕು. 2009ರಲ್ಲಿ ಸಣ್ಣ ಟ್ರೇಲರ್‌ನಲ್ಲಿ ವ್ಯಾಪಾರ ಆರಂಭಿಸಿ 2011ರಲ್ಲಷ್ಟೇ ಕಟ್ಟಡಕ್ಕೆ ಬಂದವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಆ ಅನುಭವವನ್ನು ಅಂಕಿಗಳಲ್ಲಿ ಬಿಡಿಸಿಟ್ಟಿದ್ದರೆ ಹೊಸಬರು ಸಾಲಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸುತ್ತಿದ್ದರು.

ಕಟ್ಟಿಗೆ, ಮಾಂಸ ಎಲ್ಲಿಂದ ಬಂತೆಂದು ಇಷ್ಟು ಕೇಳುವ ಪುಸ್ತಕಕ್ಕೆ ವಿದ್ಯೆ ಎಲ್ಲಿಂದ ಬಂತೆಂಬುದು ಮುಖ್ಯ ಪ್ರಶ್ನೆಯಾಗಿಲ್ಲ. ಅದಕ್ಕೆ ಏಡ್ರಿಯನ್ ಮಿಲ್ಲರ್ 2021ರಲ್ಲಿ ಬರೆದ ‘ಬ್ಲ್ಯಾಕ್ ಸ್ಮೋಕ್’ ಓದಬೇಕು. ಅಮೆರಿಕದ ದಕ್ಷಿಣದಲ್ಲಿ ಗುಂಡಿ ತೋಡಿ, ಮರ ಕಡಿದು, ರಾತ್ರಿಯಿಡೀ ಬೆಂಕಿ ಕಾದವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿದ್ದ ಕರಿಯರು. ಬಾರ್ಬೆಕ್ಯೂ ಟಿವಿಗೂ ಪತ್ರಿಕೆಗಳಿಗೂ ಬಂದಾಗ ಕ್ಯಾಮೆರಾದ ಮುಂದೆ ನಿಂತವರು ಹೆಚ್ಚಾಗಿ ಬಿಳಿಯರು.