ಬಿಲ್ಲುಗಾತಿಯ ಕಾಲಬುಡದಲ್ಲಿ

ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನ ೧೧೧೭ರಲ್ಲಿ ಕಟ್ಟಿಸಿದ. ಅದರ ಸೂರಿನಡಿ ನಿಂತ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯರೂ ಇದ್ದಾರೆ. ಇದಕ್ಕೆ ಅರ್ಥ ಹೇಳೋದು ಬಲು ಸುಲಭ. ಮದನಿಕೆ ಅನ್ನೋ ಹೆಸರಲ್ಲೇ ಮದನ ಕೂತಿದ್ದಾನೆ. ಬಾಣ ಕಾಮನದು, ಗುರಿ ಗಂಡಿನ ಎದೆ. ಮುಗೀತು ರಸಿಕರ ಕೆಲಸ.

ಆದರೆ ಬೇಟೆ ಅಂದರೇನು ಅಂತ ಕಾಡು ಅಲೆದವರನ್ನು ಕೇಳಿ. ಮೈತುಂಬ ಒಡವೆ ಹೇರಿಕೊಂಡು ಯಾವ ಹೆಂಗಸು ಹೊಟ್ಟೆಪಾಡಿಗೆ ಮೊಲದ ಹಿಂದೆ ಓಡಿದ್ದಾಳೆ? ಇವಳು ಬೇಡತಿಯಲ್ಲ. ಬೇಡತಿಯ ಬಿಲ್ಲನ್ನು ಕಿತ್ತು ಅರಮನೆಯ ಹೆಣ್ಣಿಗೆ ಕೊಟ್ಟ ಕನಸು. ಬಿಲ್ಲು ಉಳೀತು, ಹಸಿವು ಮಾಯವಾಯಿತು.

ಹಸಿವಿನ ಕಡೆಯ ಜನ ಕೆಳಗಿದ್ದಾರೆ. ಆರ್. ನರಸಿಂಹಾಚಾರ್ ೧೯೧೯ರಲ್ಲಿ ಈ ಗುಡಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಬೇಟೆಗಾತಿಯ ಅಕ್ಕಪಕ್ಕದ ಚಿಕ್ಕ ಆಕೃತಿಗಳನ್ನು ವಿವರಿಸಿದ್ದಾರೆ. ಒಂದು, ಬಿದಿರು ದಬ್ಬೆಯ ತುದಿಗಳಿಗೆ ಸತ್ತ ಜಿಂಕೆ, ಕೊಕ್ಕರೆ ಕಟ್ಟಿ ಹೊತ್ತಿದೆ. ಇನ್ನೊಂದರ ಕಾಲಿಗೆ ಮುಳ್ಳು ಚುಚ್ಚಿದೆ. ಕೂತವನೊಬ್ಬ ಸೂಜಿಯಿಂದ ಅದನ್ನು ತೆಗೆಯುತ್ತಿದ್ದಾನೆ. ಬಾಣ ಬಿಟ್ಟವಳು ದೊಡ್ಡವಳು, ಹೊರೆ ಹೊತ್ತವರು ಗೇಣುದ್ದ! ಸಮಾಜದ ಅಳತೆಗೋಲೇ ಕಲ್ಲಿಗೂ ಅಳತೆಗೋಲಾಯಿತು.

ಹಾಗಂತ ಶಿಲ್ಪಿಯನ್ನು ಬಯ್ಯುವಂತಿಲ್ಲ. ನಮ್ಮ ತುಮಕೂರು ಸೀಮೆಯ ಕೈದಾಳದಲ್ಲಿ ಜಕಣಾಚಾರಿಯ ಕತೆ ಹೇಳುತ್ತಾರೆ. ಬೇಲೂರಿನ ಕಲ್ಲಲ್ಲಿ ಇರೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ದುಡಿಮೆಗಾರರ ಹೆಸರು. ಶೃಂಗಾರಕ್ಕೆ ಆ ಮುಳ್ಳು ಬೇಕಿರಲಿಲ್ಲ. ಆದರೂ ಉಳಿ ಹಿಡಿದವನ ಕಣ್ಣಿಗೆ ಅದು ಕಂಡಿತು. ಒಬ್ಬನ ನೋವನ್ನು ಇನ್ನೊಬ್ಬ ಬಗ್ಗಿ ತೆಗೆಯುವ ಆ ಸೂಜಿಯೇ ಈ ಶಿಲ್ಪದ ನಿಜವಾದ ಆಯುಧ. ಬಾಣಕ್ಕಿಂತ ಅದೇ ಹೆಚ್ಚು ಮೊನಚು.

ಇದೇ ಗುಡಿಯೊಳಗೆ ಹೊಲೆಯರಿಗೆ ವರ್ಷದಲ್ಲಿ ನಿಗದಿಯಾದ ಹೊತ್ತಿನಲ್ಲಿ ಮಾತ್ರ ಪ್ರವೇಶವಿತ್ತು ಅಂತ ಹಳೆಯ ಮೈಸೂರು ಗೆಜೆಟಿಯರುಗಳೇ ಬರೆದಿವೆ. ಬೇಟೆಗಾತಿಯನ್ನು ಗೋಡೆಗೇರಿಸಿದ ಸಂಸ್ಕೃತಿ ಬೇಟೆಯ ಜನಕ್ಕೆ, ಸತ್ತ ದನ ಹೊತ್ತ ಜನಕ್ಕೆ ಬಾಗಿಲು ಹಾಕಿತು. ೨೦೨೩ರಲ್ಲಿ ಯುನೆಸ್ಕೋ ಈ ಗುಡಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಆದರೆ ಪರಂಪರೆ ಅಂದರೆ ಆ ಬಾಗಿಲೂ ಪರಂಪರೆಯೇ, ಮರೆಯಬಾರದು.

ಹೊಳವನಹಳ್ಳಿ, ಕೊರಟಗೆರೆ, ಮಧುಗಿರಿ ಕಡೆಯ ಮೇಷ್ಟ್ರುಗಳೇ, ಮಕ್ಕಳನ್ನು ಬೇಲೂರಿಗೆ ಕರಕೊಂಡು ಹೋದಾಗ ಸೊಂಟದ ಬಳುಕಿನಲ್ಲೇ ನಿಲ್ಲಬೇಡಿ. ಕೆಳಗೆ ನೋಡಿ ಅನ್ನಿ. ಹೊರೆ ಯಾರದು, ಮುಳ್ಳು ಯಾರ ಕಾಲಿಗೆ ಅಂತ ಕೇಳಿ. ಆ ಪ್ರಶ್ನೆ ಕೇಳಿಸಿಕೊಂಡ ಮಗು ಮುಂದೆ ಯಾವ ಗೋಡೆಯ ಮುಂದೆಯೂ ಸುಮ್ಮನೆ ಕೈಮುಗಿದು ನಿಲ್ಲೋದಿಲ್ಲ.